ವಿಮಾನದಲ್ಲಿ ಫಿಲ್ಮ್ ರೋಲ್: ಜೊತೆಗೆ ಒಯ್ಯುವುದೋ, ಅಲ್ಲೇ ಕೊಳ್ಳುವುದೋ, ಅಲ್ಲೇ ತೊಳೆಸುವುದೋ?

"ನಾನೂರರ ರೋಲ್ ಏರ್‌ಪೋರ್ಟ್ ಎಕ್ಸ್‌ರೇಗೆ ಹಾಕಬಹುದಾ?" ಅಂತ ಫಿಲ್ಮ್‌ನಲ್ಲಿ ಫೋಟೊ ತೆಗೆಯುವವರನ್ನು ಕೇಳಿ ನೋಡಿ. "ಏನೂ ಆಗಲ್ಲ, ನಾನು ಎಷ್ಟೋ ಸಲ ಹಾಕಿದೀನಿ" ಅನ್ನುವವರು ಸಿಗುತ್ತಾರೆ. "ಅಯ್ಯೋ, ಬೇಡವೇ ಬೇಡ, ಇಡೀ ಟ್ರಿಪ್ಪಿನ ಫೋಟೊ ಹಾಳಾಯ್ತು" ಅನ್ನುವವರೂ ಸಿಗುತ್ತಾರೆ. ಇಬ್ಬರ ಮಾತೂ ನಿಜವೇ ಇರಬಹುದು. ಒಬ್ಬರ ರೋಲ್ ಹಳೆಯ ಯಂತ್ರದೊಳಗೆ ಹೋಗಿರುತ್ತದೆ, ಇನ್ನೊಬ್ಬರದ್ದು ಹೊಸದರೊಳಗೆ.

ಡಬ್ಬಿಯ ಮೇಲಿನ ಐಎಸ್‌ಒ (100, 400 ಅನ್ನುವ ಸಂಖ್ಯೆ; ಅದು ಹೆಚ್ಚಿದಷ್ಟೂ ಫಿಲ್ಮ್ ಬೆಳಕಿಗೆ ಸೂಕ್ಷ್ಮ) ನೋಡಿ ತೀರ್ಮಾನ ಮಾಡುವ ಕಾಲ ಮುಗಿದಿದೆ. ಈಗ ಲೆಕ್ಕ ಹಾಕಬೇಕಾದದ್ದು ಬೇರೆ. ಮನೆ ಬಿಟ್ಟು ಮತ್ತೆ ಮನೆ ಸೇರುವಷ್ಟರಲ್ಲಿ, ತೊಳೆಸದ (ಡೆವಲಪ್ ಮಾಡಿಸದ) ಫಿಲ್ಮ್ ಎಷ್ಟು ಯಂತ್ರ ದಾಟಬೇಕು? ಅವು ಎಂಥ ಯಂತ್ರಗಳು? ಈ ಎರಡಕ್ಕೆ ಉತ್ತರ ಸಿಕ್ಕರೆ ಯಾವ ದಾರಿ ಹಿಡಿಯಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ.

ಮೊದಲು ಯಂತ್ರ

ಹ್ಯಾಂಡ್ ಬ್ಯಾಗ್ ನೋಡುವ ಹಳೆಯ ಎಕ್ಸ್‌ರೇ ಎಲ್ಲರಿಗೂ ಗೊತ್ತು. ಬ್ಯಾಗ್ ಬೆಲ್ಟ್ ಮೇಲೆ ಹೋಗುತ್ತದೆ, ಪರದೆಯಲ್ಲಿ ಕಿತ್ತಳೆ, ಹಸಿರು, ನೀಲಿ ಬಣ್ಣದ ಚಪ್ಪಟೆ ಚಿತ್ರ ಬರುತ್ತದೆ. ಲ್ಯಾಪ್‌ಟಾಪ್ ಹೊರಗೆ ತೆಗೆದು ಟ್ರೇಯಲ್ಲಿ ಇಡಬೇಕು. ಈ ಯಂತ್ರದ ಕಿರಣ ಕಡಿಮೆ, ತಾಗುವ ಹೊತ್ತೂ ಕಡಿಮೆ. 100, 200, 400 ಐಎಸ್‌ಒ ಫಿಲ್ಮ್ ಇದರಲ್ಲಿ ಒಂದೆರಡು ಸಲ ಹೋಗಿ ಬಂದರೆ ಕಣ್ಣಿಗೆ ಕಾಣುವಂಥ ತೊಂದರೆ ಆಗುವುದಿಲ್ಲ. 800 ಮತ್ತು ಅದಕ್ಕಿಂತ ಮೇಲಿನದನ್ನು ಹಾಕಬೇಡಿ ಅನ್ನುವುದು ಹಳೆಯ ನಿಯಮ. ಅದು ಈಗಲೂ ಸರಿ. ಒಂದು ವಿಷಯ ಮಾತ್ರ ಮರೆಯಬಾರದು: ಪ್ರತಿ ಸಲದ್ದೂ ಕೂಡುತ್ತಾ ಹೋಗುತ್ತದೆ. ಇವತ್ತು ತಾಗಿದ್ದು ನಾಳೆಗೆ ಅಳಿಸಿಹೋಗುವುದಿಲ್ಲ. ಐದಕ್ಕಿಂತ ಜಾಸ್ತಿ ಸಲ ಹೋಗುವ ರೋಲ್ ಆದರೆ ಕೈಯಲ್ಲಿ ಚೆಕ್ ಮಾಡಿಸಿ ಅನ್ನುವ ಸಲಹೆ ಹಿಂದಿನಿಂದಲೂ ಇದೆ.

ಎರಡನೆಯದು ಸಿಟಿ ಯಂತ್ರ. ಆಸ್ಪತ್ರೆಯ ಸಿಟಿ ಸ್ಕ್ಯಾನ್ ಹೇಗೋ ಇದೂ ಹಾಗೆಯೇ. ಎಕ್ಸ್‌ರೇ ಬಿಡುವ ಭಾಗ ಬ್ಯಾಗಿನ ಸುತ್ತ ತಿರುಗುತ್ತಾ ನೂರಾರು ಚಿತ್ರ ತೆಗೆಯುತ್ತದೆ. ಕಂಪ್ಯೂಟರ್ ಅವನ್ನೆಲ್ಲ ಜೋಡಿಸಿ ಮೂರು ಆಯಾಮದ ಚಿತ್ರ ಮಾಡುತ್ತದೆ. ಭದ್ರತೆಗೆ ತುಂಬಾ ಒಳ್ಳೆಯದು, ಪ್ರಯಾಣಿಕರಿಗೂ ಸುಖ, ಲ್ಯಾಪ್‌ಟಾಪ್ ಹೊರಗೆ ತೆಗೆಯುವ ರಗಳೆ ಇಲ್ಲ. ಆದರೆ ಫಿಲ್ಮ್‌ಗೆ ತಾಗುವ ಕಿರಣ ಜಾಸ್ತಿ. ಕೊಡಾಕ್ ಮತ್ತು ಇಲ್‌ಫರ್ಡ್ ಎರಡೂ ಕಂಪನಿಗಳು ಸಿಟಿ ಯಂತ್ರಕ್ಕೆ ಫಿಲ್ಮ್ ಹಾಕಬೇಡಿ ಅಂತಲೇ ಹೇಳುತ್ತವೆ. ಇಲ್ಲಿ "ನಾನೂರು ತಾನೇ, ಪರವಾಗಿಲ್ಲ" ಅನ್ನುವ ಮಾತು ನಡೆಯುವುದಿಲ್ಲ. ಒಂದೇ ಸಲ ಹೋದರೂ ಮಬ್ಬು ಬರಬಹುದು.

ಮೂರನೆಯದು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದು ಚೆಕ್-ಇನ್ ಬ್ಯಾಗು ಹೋಗುವ ದಾರಿಯಲ್ಲಿ, ಬೆಲ್ಟಿನ ಆಚೆ ಇರುತ್ತದೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಸಿಟಿಎಕ್ಸ್ 5000 ಅನ್ನುವ ಯಂತ್ರ ಬಂದಾಗಲೇ ಫೋಟೊಗ್ರಾಫರ್‌ಗಳಿಗೆ ಇದರ ಬಿಸಿ ತಟ್ಟಿತ್ತು. ಅನುಮಾನ ಬಂದ ಜಾಗಕ್ಕೆ ಅದು ಗಟ್ಟಿ ಕಿರಣ ಬಿಡುತ್ತಿತ್ತು. ರೋಲ್ ಸುತ್ತಿಕೊಂಡೇ ಇರುತ್ತದಲ್ಲ, ಬಿಚ್ಚಿ ತೊಳೆದಾಗ ನೆಗೆಟಿವ್ ಉದ್ದಕ್ಕೂ ಅಲೆಅಲೆಯಾದ ಪಟ್ಟಿ ಕಾಣುತ್ತಿತ್ತು. ಚೆಕ್-ಇನ್ ಬ್ಯಾಗಿಗೆ ಫಿಲ್ಮ್ ಹಾಕುವುದರ ಬಗ್ಗೆ ನನಗೆ ಹೇಳಲು ಇಷ್ಟೇ ಇದೆ: ಹಾಕಬೇಡಿ. ಯಾವ ಐಎಸ್‌ಒ ಆಗಲಿ, ಯಾವ ದೇಶ ಆಗಲಿ.

ಸುಮ್ನೆ ಹೆದರಬೇಕಾಗಿಲ್ಲದ ಯಂತ್ರಗಳೂ ಇವೆ. ನಾವು ನಡೆದು ದಾಟುವ ಲೋಹಶೋಧಕದ ಬಾಗಿಲು, ಕೈಯಲ್ಲಿ ಹಿಡಿದು ಸವರುವ ಕೋಲು, ಎರಡೂ ಕೈ ಎತ್ತಿ ನಿಲ್ಲಿಸುವ ಬಾಡಿ ಸ್ಕ್ಯಾನರ್, ಇವುಗಳಿಂದ ಫಿಲ್ಮ್‌ಗೆ ಏನೂ ಆಗುವುದಿಲ್ಲ. ಬಟ್ಟೆಯ ತುಣುಕಿನಿಂದ ಒರೆಸಿ ಸ್ಫೋಟಕದ ಕಣ ಇದೆಯಾ ನೋಡುವ ಯಂತ್ರದ್ದೂ ಹಾಗೆಯೇ. ತೊಳೆಸಿದ ನೆಗೆಟಿವ್‌ಗೆ ಯಾವ ಯಂತ್ರದ ಭಯವೂ ಇಲ್ಲ. ಈ ಕೊನೆಯ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ಸಿಟಿ ಯಂತ್ರ ಗುರುತು ಹಿಡಿಯುವುದು ಕಷ್ಟವಲ್ಲ. ಗಾತ್ರ ದೊಡ್ಡದು, ನಡುಭಾಗ ಉಬ್ಬಿ ದುಂಡಗಿರುತ್ತದೆ. "ಲ್ಯಾಪ್‌ಟಾಪ್ ಒಳಗೇ ಇರಲಿ" ಅಂತ ಸಿಬ್ಬಂದಿ ಹೇಳಿದರೆ ಬಹುಪಾಲು ಅದೇ. ಪರದೆ ಕಾಣುವ ಹಾಗಿದ್ದರೆ ನೋಡಿ. ಬ್ಯಾಗಿನ ಚಿತ್ರವನ್ನು ಆಪರೇಟರ್ ಅತ್ತಿತ್ತ ತಿರುಗಿಸುತ್ತಿದ್ದರೆ ಅನುಮಾನವೇ ಬೇಡ.

ಇವು ಎಲ್ಲೆಲ್ಲಿ ಬಂದಿವೆ? ಅಮೆರಿಕದ ದೊಡ್ಡ ನಿಲ್ದಾಣಗಳಲ್ಲಿ ಈಗ ಮಾಮೂಲು. ಆಮ್‌ಸ್ಟರ್‌ಡಾಮ್‌ನ ಸ್ಕಿಪೋಲ್ ಬೇಗನೆ ಬದಲಾಯಿಸಿಕೊಂಡಿತು. ಬ್ರಿಟನ್ ಸರ್ಕಾರ ತನ್ನ ಮುಖ್ಯ ನಿಲ್ದಾಣಗಳಿಗೆ 2024ರ ಜೂನ್ ಗಡುವು ಕೊಟ್ಟಿತ್ತು, ಕೆಲವಕ್ಕೆ ಆಮೇಲೆ ಸಮಯ ವಿಸ್ತರಿಸಿತು. ನಮ್ಮಲ್ಲೂ ವರ್ಷಕ್ಕೆ 50 ಲಕ್ಷಕ್ಕಿಂತ ಹೆಚ್ಚು ಪ್ರಯಾಣಿಕರಿರುವ ನಿಲ್ದಾಣಗಳು ಸಿಟಿ ಯಂತ್ರ ಹಾಕಬೇಕು ಅಂತ ವಿಮಾನಯಾನ ಭದ್ರತಾ ಬ್ಯೂರೊ ಹೇಳಿದೆ. ಬೆಂಗಳೂರಿನ ಟರ್ಮಿನಲ್ 2ರಲ್ಲಿ 2023ರ ಕೊನೆಯಲ್ಲೇ ಇದರ ಪ್ರಯೋಗ ಶುರುವಾಯಿತು. ಹಾಗಾಗಿ ಒಂದೇ ನಿಲ್ದಾಣದಲ್ಲಿ ಒಂದು ಸಾಲಿನಲ್ಲಿ ಹಳೆಯದು, ಪಕ್ಕದ ಸಾಲಿನಲ್ಲಿ ಹೊಸದು ಇರಬಹುದು. ಹೋದ ವರ್ಷ ನೋಡಿದ್ದನ್ನು ಈ ವರ್ಷಕ್ಕೆ ನಂಬಬೇಡಿ.

ಹಾಳಾಗುವುದು ಅಂದರೆ ಏನಾಗುತ್ತದೆ?

ರೋಲ್ ಪೂರ್ತಿ ಕಪ್ಪಾಗಿ ಬಿಡುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಫಿಲ್ಮ್ ಮೇಲಿನ ಬೆಳ್ಳಿಯ ಲವಣಕ್ಕೆ ಬೆಳಕೂ ಒಂದೇ, ಎಕ್ಸ್‌ರೇಯೂ ಒಂದೇ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ 'ಇಂದು' ಹೆಸರಿನಲ್ಲಿ ಕ್ಯಾಮೆರಾ ಫಿಲ್ಮನ್ನೂ ಮಾಡುತ್ತಿತ್ತು, ಆಸ್ಪತ್ರೆಯ ಎಕ್ಸ್‌ರೇ ಫಿಲ್ಮನ್ನೂ ಮಾಡುತ್ತಿತ್ತು. ಎರಡಕ್ಕೂ ಮೂಲ ವಿದ್ಯೆ ಅದೇ.

ಎಕ್ಸ್‌ರೇ ತಾಗಿದ ರೋಲಿಗೆ ಎಲ್ಲ ಕಡೆ ಸ್ವಲ್ಪ ಬೆಳಕು ಬಿದ್ದ ಹಾಗಾಗುತ್ತದೆ. ತೊಳೆದ ಮೇಲೆ ನೆಗೆಟಿವ್‌ನ ಖಾಲಿ ಅಂಚು ಇರಬೇಕಾದಷ್ಟು ತಿಳಿಯಾಗಿರುವುದಿಲ್ಲ. ಪ್ರಿಂಟ್ ಅಥವಾ ಸ್ಕ್ಯಾನ್ ನೋಡಿದರೆ ನೆರಳಿನ ಭಾಗ ಮೊದಲು ಸೋಲುತ್ತದೆ. ಕಪ್ಪು ಇರಬೇಕಾದಲ್ಲಿ ಬೂದು, ಆ ಬೂದಿನೊಳಗೆ ದಪ್ಪ ದಪ್ಪ ಕಾಳಿನಂಥ ಚುಕ್ಕೆ. ಕಲರ್ ಫಿಲ್ಮ್ ಆದರೆ ನೆರಳಿಗೆ ಬೇಡದ ಬಣ್ಣ ಹತ್ತುತ್ತದೆ. ಬಿಸಿಲಲ್ಲಿ ಚೆನ್ನಾಗಿ ಬೆಳಕು ಕೊಟ್ಟು ತೆಗೆದ ಚಿತ್ರ ಹೇಗೋ ಬದುಕಿಕೊಳ್ಳುತ್ತದೆ. ಸಂಜೆ ದೇವಸ್ಥಾನದ ಪ್ರಾಕಾರದಲ್ಲಿ ಬೆಳಕು ಸಾಲದೆ ತೆಗೆದದ್ದು ಬದುಕುವುದಿಲ್ಲ. ಬೇಸರ ಏನೆಂದರೆ ನಾವು ಹೆಚ್ಚು ಇಷ್ಟಪಟ್ಟು ತೆಗೆದಿರುವುದು ಅಂಥವೇ.

ರೋಲ್ ಖಾಲಿ ಇದ್ದರೂ ಅಷ್ಟೇ, ಫೋಟೊ ತೆಗೆದಿದ್ದರೂ ಅಷ್ಟೇ. ತೊಳೆಯುವ ತನಕ ಅಪಾಯ ಒಂದೇ. ಇನ್ನು ಪುಶ್ ಮಾಡುವವರು, ಅಂದರೆ ಕಡಿಮೆ ಬೆಳಕಿನಲ್ಲಿ ತೆಗೆದು ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಇಟ್ಟು ತೊಳೆಸುವವರು, ಒಂದು ವಿಷಯ ಗಮನಿಸಿ. ಎಚ್‌ಪಿ5 ಅಥವಾ ಟ್ರೈ-ಎಕ್ಸ್ 400ರ ಫಿಲ್ಮೇ ಆದರೂ 1600ಕ್ಕೆ ಪುಶ್ ಮಾಡಿ ತೊಳೆಸುವುದಾದರೆ ಅದನ್ನು 1600ರದ್ದು ಅಂತಲೇ ಲೆಕ್ಕ ಹಿಡಿಯಿರಿ. ಚಿತ್ರ ಎದ್ದು ಬರುವ ಹಾಗೆಯೇ ಮಬ್ಬೂ ಎದ್ದು ಬರುತ್ತದೆ.

ಜೊತೆಗೆ ಒಯ್ದು ಕೈಯಲ್ಲಿ ಚೆಕ್ ಮಾಡಿಸುವುದು

ಹೆಚ್ಚಿನವರಿಗೆ ಹೊಂದುವ ದಾರಿ ಇದೇ. ಖರ್ಚಿಲ್ಲ. ಬೇಕಾದ ಫಿಲ್ಮ್ ಜೊತೆಗೇ ಇರುತ್ತದೆ. ಒಂದೇ ತೊಂದರೆ, ಎದುರಿಗಿರುವವರ ಮರ್ಜಿ.

ಅಮೆರಿಕದಲ್ಲಿ ಮರ್ಜಿಯ ಪ್ರಶ್ನೆ ಕಡಿಮೆ. ಪ್ರಯಾಣಿಕ ಕೇಳಿದರೆ ಫಿಲ್ಮನ್ನು ಎಕ್ಸ್‌ರೇ ಇಲ್ಲದೆ ನೋಡಬೇಕು ಅನ್ನುವುದು ಅಲ್ಲಿನ ನಿಯಮದಲ್ಲೇ ಇದೆ. ಫಿಲ್ಮ್ ತುಂಬಿದ ಪೊಟ್ಟಣ ಕೊಟ್ಟು "ಹ್ಯಾಂಡ್ ಚೆಕ್ ಪ್ಲೀಸ್" ಅಂದರೆ ಸಾಕು. ಒರೆಸಿ ನೋಡಿ ವಾಪಸ್ ಕೊಡುತ್ತಾರೆ. ಮಗನ ಮನೆಗೋ ಮಗಳ ಮನೆಗೋ ಹೋಗುವವರಿಗೆ ಅಲ್ಲಿಂದ ಹೊರಡುವಾಗಿನ ಚಿಂತೆ ಇಲ್ಲ. ಚಿಂತೆ ಏನಿದ್ದರೂ ನಡುವೆ ವಿಮಾನ ಬದಲಾಯಿಸುವ ಊರಿನದ್ದು. ದುಬೈ, ಫ್ರಾಂಕ್‌ಫರ್ಟ್, ಲಂಡನ್ ಹೀಗೆ ಎಲ್ಲೇ ಬದಲಾಯಿಸಿದರೂ ಮತ್ತೊಮ್ಮೆ ಸೆಕ್ಯೂರಿಟಿ ಇರಬಹುದು. ಅಲ್ಲಿ ಒಬ್ಬರು ಒಪ್ಪುತ್ತಾರೆ, ಇನ್ನೊಬ್ಬರು "ನಮ್ಮ ಯಂತ್ರದಿಂದ ಏನೂ ಆಗಲ್ಲ" ಅನ್ನುತ್ತಾರೆ. ಯುರೋಪಿನ ದೊಡ್ಡ ನಿಲ್ದಾಣಗಳಲ್ಲಿ ಒಪ್ಪಿಯೇ ಒಪ್ಪುತ್ತಾರೆ ಅಂತ ನಂಬಿಕೊಂಡು ಹೋಗಬೇಡಿ.

ನಮ್ಮ ದೊಡ್ಡ ನಿಲ್ದಾಣಗಳಲ್ಲಿ ತಪಾಸಣೆ ಸಿಐಎಸ್‌ಎಫ್‌ನವರದ್ದು. ಬಹಳಷ್ಟು ಜವಾನರು ಉತ್ತರದ ಕಡೆಯವರು. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉದ್ದಕ್ಕೆ ವಿವರಿಸುವ ಬದಲು ನಗುಮುಖದಲ್ಲಿ "ಸರ್, ಯೆ ಕ್ಯಾಮೆರಾ ಕಾ ರೀಲ್ ಹೈ, ಮಶೀನ್ ಮೆ ಖರಾಬ್ ಹೋ ಜಾಯೇಗಾ, ಹಾಥ್ ಸೆ ಚೆಕ್ ಕರ್ ಲೀಜಿಯೆ" ಅಂದರೆ ಕೆಲಸ ಬೇಗ ಆಗುತ್ತದೆ. ವಯಸ್ಸಾದವರಿಗೆ ತಕ್ಷಣ ಅರ್ಥವಾಗುತ್ತದೆ. ಅವರ ಮದುವೆ ಫೋಟೊ ರೀಲಿನಲ್ಲೇ ತೆಗೆದಿರುತ್ತಾರಲ್ವಾ! ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಇದು ಏನು ವಸ್ತು ಅಂತಲೇ ಗೊತ್ತಿರುವುದಿಲ್ಲ. ಒಬ್ಬ ಜವಾನರು ಡಬ್ಬಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ್ದನ್ನು ಕಂಡಿದ್ದೇನೆ. ಅದಕ್ಕೇ ಹಾಳಾದ ರೋಲಿನ ಒಂದು ಗೇಣು ಫಿಲ್ಮ್ ಕತ್ತರಿಸಿ ಪೊಟ್ಟಣದಲ್ಲಿ ಇಟ್ಟುಕೊಳ್ಳಿ. ಒಳಗೆ ಇರುವುದು ಇದೇ ಅಂತ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಜವಾನರು ಒಪ್ಪದಿದ್ದರೆ ಅಲ್ಲೇ ಇರುವ ಇನ್‌ಚಾರ್ಜ್ ಅಧಿಕಾರಿಯನ್ನು ಕೇಳಿ. ತೀರ್ಮಾನ ಮಾಡುವ ಅಧಿಕಾರ ಅವರಿಗಿರುತ್ತದೆ.

ಪ್ಯಾಕಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ಅರ್ಧ ಜಗಳ ಅಲ್ಲೇ ತಪ್ಪುತ್ತದೆ. ರಟ್ಟಿನ ಪೆಟ್ಟಿಗೆ, ಕಪ್ಪು ಪ್ಲಾಸ್ಟಿಕ್ ಡಬ್ಬಿ ಎಲ್ಲ ಮನೆಯಲ್ಲೇ ಬಿಡಿ. 35 ಎಂಎಂ ರೋಲ್‌ಗಳನ್ನು ಬರಿಯ ಕ್ಯಾಸೆಟ್ ಕಾಣುವ ಹಾಗೆ ಪಾರದರ್ಶಕ ಜಿಪ್ ಪೊಟ್ಟಣಕ್ಕೆ ಹಾಕಿ. ಒಂದೊಂದೇ ಡಬ್ಬಿ ತೆರೆದು ನೋಡುವ ಕೆಲಸ ಸಿಬ್ಬಂದಿಗೆ ತಪ್ಪುತ್ತದೆ, ಸಾಲಿನಲ್ಲಿ ನಿಮ್ಮ ಹಿಂದಿರುವವರ ಬೈಗುಳ ನಿಮಗೆ ತಪ್ಪುತ್ತದೆ. ಪೊಟ್ಟಣ ಬ್ಯಾಗಿನ ತಳದಲ್ಲಿ ಇರಬಾರದು. ಬ್ಯಾಗು ಟ್ರೇಗೆ ಇಡುವ ಮೊದಲೇ ಅದು ಕೈಗೆ ಬರಬೇಕು. ಕೊಡಾಕ್‌ನವರು ಸಿಟಿ ಸ್ಕ್ಯಾನ್ ಬೇಡ ಅನ್ನುವ ಸ್ಟಿಕ್ಕರ್ ಮಾಡಿದ್ದಾರೆ. ಸಿಕ್ಕರೆ ಅಂಟಿಸಿ. ಸಿಗದಿದ್ದರೆ ಒಂದು ಚೀಟಿಯಲ್ಲಿ ಇಂಗ್ಲಿಷ್, ಹಿಂದಿ ಎರಡರಲ್ಲೂ ದಪ್ಪಗೆ ಬರೆದು ಒಳಗೆ ಹಾಕಿ. ಪೊಟ್ಟಣದಲ್ಲಿ 3200ರ ರೋಲ್ ಒಂದಾದರೂ ಇದ್ದರೆ ಅದನ್ನು ಮೇಲೆ ಕಾಣುವ ಹಾಗೆ ಇಡಿ. ದೊಡ್ಡ ಸಂಖ್ಯೆ ನೋಡಿದರೆ ವಾದ ಬೇಗ ಮುಗಿಯುತ್ತದೆ.

120 ರೋಲ್ (ಕ್ಯಾಸೆಟ್ ಇಲ್ಲದೆ ಕಾಗದದ ಪಟ್ಟಿಯ ಜೊತೆ ಸುತ್ತಿರುವ ಅಗಲದ ಫಿಲ್ಮ್) ಬಳಸುವವರು ಇನ್ನೂ ಸ್ವಲ್ಪ ಎಚ್ಚರ ವಹಿಸಬೇಕು. ಫೋಟೊ ತೆಗೆದ ರೋಲಿನ ಕಾಗದದ ಪಟ್ಟಿಯನ್ನು ಯಾರಾದರೂ ಕುತೂಹಲಕ್ಕೆ ಎಳೆದರೆ ಎಕ್ಸ್‌ರೇ ಮಾಡಲಾಗದ ಹಾನಿಯನ್ನು ಟ್ಯೂಬ್‌ಲೈಟ್ ಮಾಡುತ್ತದೆ. ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿ, ಕೊಡುವಾಗಲೇ "ಇದನ್ನ ಬಿಚ್ಚಬೇಡಿ" ಅಂತ ಹೇಳಿ.

ಸಮಯ ಇಟ್ಟುಕೊಂಡು ಹೋಗಿ. ಬೆಳಗಿನ ಜಾವದ ವಿಮಾನಗಳ ಹೊತ್ತಿಗೆ ಬೆಂಗಳೂರಿನ ಸೆಕ್ಯೂರಿಟಿ ಸಾಲು ಹೇಗಿರುತ್ತದೆ ಅಂತ ಗೊತ್ತೇ ಇದೆ. ಆ ನೂಕುನುಗ್ಗಲಿನಲ್ಲಿ ನಿಮ್ಮ ರೋಲ್ ಬಗ್ಗೆ ಯಾರಿಗೂ ತಾಳ್ಮೆ ಇರುವುದಿಲ್ಲ.

ಸುಮ್ಮನೆ ಎಕ್ಸ್‌ರೇಗೆ ಹಾಕಿಬಿಡುವುದು

ಹಳೆಯ ಯಂತ್ರ, 400 ಅಥವಾ ಅದಕ್ಕಿಂತ ಕಡಿಮೆ ಐಎಸ್‌ಒ, ಒಂದು ನೇರ ವಿಮಾನ. ಈ ಮೂರೂ ಕೂಡಿ ಬಂದರೆ ನಾನು ಜಗಳಕ್ಕೆ ಇಳಿಯುವುದಿಲ್ಲ. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಒಂದು ವಿಮಾನ ಹತ್ತಿ ಇಳಿದು, ಅಲ್ಲಿ ಫೋಟೊ ತೆಗೆದು ವಾಪಸ್ ಬರುವವರಿಗೆ ಎರಡು ಸಲ ತಾಗುತ್ತದೆ. ಗೋಲ್ಡ್ 200ರಂಥ ಫಿಲ್ಮ್‌ಗೆ ಅದು ಲೆಕ್ಕಕ್ಕಿಲ್ಲ. ಆದರೂ ಮೊದಲು ಕೇಳಿ ನೋಡಿ, ಕೇಳಿದರೆ ಕಳೆದುಕೊಳ್ಳುವುದೇನಿಲ್ಲ.

ಎಣಿಕೆ ತಪ್ಪುವುದು ನಾವು ಲೆಕ್ಕಕ್ಕೇ ಹಿಡಿಯದ ಯಂತ್ರಗಳಿಂದ. ನಮ್ಮ ಮೆಟ್ರೊ ನಿಲ್ದಾಣದ ಬಾಗಿಲಲ್ಲಿ ಬ್ಯಾಗ್ ಸ್ಕ್ಯಾನರ್ ಇದೆ. ದಿಲ್ಲಿ ಮೆಟ್ರೊದಲ್ಲೂ ಇದೆ. ಕೆಲವು ಮಾಲ್, ಹೋಟೆಲ್, ದೊಡ್ಡ ರೈಲು ನಿಲ್ದಾಣಗಳಲ್ಲೂ ಇದೆ. ಫಿಲ್ಮ್ ಇರುವ ಬ್ಯಾಗನ್ನು ದಿನಾ ಮೆಟ್ರೊದಲ್ಲಿ ಆಫೀಸಿಗೆ ಹೊತ್ತುಕೊಂಡು ಹೋಗುವವರು, ವಿಮಾನ ಹತ್ತುವ ಮೊದಲೇ ಎಷ್ಟೋ ಸಲ ಎಕ್ಸ್‌ರೇ ತಿನ್ನಿಸಿರುತ್ತಾರೆ. ಟ್ರಿಪ್ಪಿಗೆ ಅಂತ ಇಟ್ಟ ರೋಲ್ ಮನೆಯ ಫ್ರಿಜ್ಜಿನಲ್ಲೇ ಇರಲಿ.

ಶ್ರೀನಗರ ಇನ್ನೊಂದು ಥರ. ಅಲ್ಲಿ ಟರ್ಮಿನಲ್‌ಗೆ ಸಾಕಷ್ಟು ದೂರದಲ್ಲೇ ಗಾಡಿಯಿಂದ ಇಳಿಸಿ, ಎಲ್ಲ ಸಾಮಾನನ್ನೂ ಎಕ್ಸ್‌ರೇಗೆ ಹಾಕಿಸುತ್ತಾರೆ. ಒಳಗೆ ಹೋದ ಮೇಲೆ ಮತ್ತೆ ತಪಾಸಣೆ. ಕಾಶ್ಮೀರಕ್ಕೆ ಫಿಲ್ಮ್ ಒಯ್ಯುವುದಾದರೆ ಮೊದಲ ಗೇಟಿನಿಂದಲೇ ಪೊಟ್ಟಣ ಕೈಯಲ್ಲಿರಲಿ. 800ರ ರೋಲ್ ಆ ಟ್ರಿಪ್ಪಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹೇಗೂ ಅಲ್ಲಿ ಹಿಮದ ಮೇಲೆ ಬಿಸಿಲು ಧಾರಾಳ, 100ರ ಫಿಲ್ಮೇ ಸಾಕು.

ಅಲ್ಲೇ ಕೊಳ್ಳುವುದು

ಹೋಗುವಾಗ ದಾಟುವ ಯಂತ್ರಗಳೆಲ್ಲ ಲೆಕ್ಕದಿಂದ ಹೋಗುತ್ತವೆ. ಟೋಕಿಯೊದ ಯೊಡೊಬಾಶಿ ಕ್ಯಾಮೆರಾ, ನ್ಯೂಯಾರ್ಕಿನ ಬಿ ಅಂಡ್ ಎಚ್‌ನಂಥ ಅಂಗಡಿಗಳಿರುವ ಊರಿಗೆ ಹೋಗುವವರಿಗೆ ಇದು ಸುಲಭ. ಅಂಥ ಕಡೆ ನಮ್ಮಲ್ಲಿ ಸಿಗದ ಫಿಲ್ಮೂ ಸಿಗಬಹುದು. ತೊಂದರೆ ಎರಡು. ಮೊದಲ ದಿನ ಕ್ಯಾಮೆರಾ ಖಾಲಿ. ಎರಡನೆಯದು, ಚಿಕ್ಕ ಊರಿಗೆ ಹೋದರೆ ಸಿಗುವುದೇ ಇಲ್ಲ, ಸಿಕ್ಕರೂ ಅವಧಿ ಮೀರಿದ್ದು, ಬಿಸಿಲು ಬೀಳುವ ಶೋಕೇಸಿನಲ್ಲಿ ಕೂತಿದ್ದು. ಆನ್‌ಲೈನಿನಲ್ಲಿ ಆರ್ಡರ್ ಮಾಡಿ ಅಲ್ಲಿರುವ ನೆಂಟರ ಮನೆಗೆ ತರಿಸಿಟ್ಟುಕೊಳ್ಳುವುದು ಇದಕ್ಕಿಂತ ಮೇಲು. ನಿಮ್ಮ ಅಕ್ಕನೋ ಭಾವನೋ ಅಲ್ಲಿದ್ದರೆ ಸಂಕೋಚ ಬಿಟ್ಟು ಕೇಳಿ.

ಆದರೆ ಇದರಿಂದ ಬರುವಾಗಿನ ತೊಂದರೆ ತಪ್ಪುವುದಿಲ್ಲ. ವಾಪಸ್ ಬರುವಾಗ ಫೋಟೊ ತುಂಬಿದ ರೋಲ್‌ಗಳು ಅದೇ ಯಂತ್ರಗಳ ಮುಂದೆ ನಿಲ್ಲಬೇಕು.

ಅಲ್ಲೇ ತೊಳೆಸುವುದು

ಹೊರದೇಶದ ಟ್ರಿಪ್ಪಿಗೆ, ಅದರಲ್ಲೂ ನಡುವೆ ವಿಮಾನ ಬದಲಾಯಿಸುವ ಟ್ರಿಪ್ಪಿಗೆ, ನಾನು ಮೊದಲು ಯೋಚಿಸುವುದು ಇದನ್ನೇ. ಕಲರ್ ನೆಗೆಟಿವ್ ತೊಳೆಯುವ ಸಿ-41 ವಿಧಾನ ಎಲ್ಲ ದೇಶದಲ್ಲೂ ಒಂದೇ. 38 ಡಿಗ್ರಿ ಸೆಲ್ಸಿಯಸ್ ಡೆವಲಪರ್, 3 ನಿಮಿಷ 15 ಸೆಕೆಂಡ್. ಬೆಂಗಳೂರಿನಲ್ಲಾದರೂ ಅಷ್ಟೇ, ಬರ್ಲಿನ್‌ನಲ್ಲಾದರೂ ಅಷ್ಟೇ. ಹಾಗಾಗಿ ಬೇರೆ ಊರಿನ ಲ್ಯಾಬ್ ಅಂತ ಅನುಮಾನ ಪಡಬೇಕಿಲ್ಲ. ತೊಳೆಸಿದ ನೆಗೆಟಿವ್ ಬೇಕಾದರೆ ಚೆಕ್-ಇನ್ ಬ್ಯಾಗಿಗೇ ಹಾಕಿ, ಏನೂ ಆಗುವುದಿಲ್ಲ. ಸ್ಕ್ಯಾನ್ ಮಾಡಿಸುವ ಖರ್ಚು ಅಲ್ಲಿ ಜಾಸ್ತಿ ಅನಿಸಿದರೆ ತೊಳೆಸುವುದಷ್ಟೇ ಅಲ್ಲಿ, ಸ್ಕ್ಯಾನ್ ನಿಮ್ಮೂರಿನಲ್ಲಿ.

ಹೊರಡುವ ಮೊದಲೇ ಲ್ಯಾಬಿಗೆ ಎರಡು ವಿಷಯ ಕೇಳಿ. ಎಷ್ಟು ದಿನಕ್ಕೆ ಕೊಡುತ್ತೀರಿ? ನೆಗೆಟಿವ್ ವಾಪಸ್ ಕೊಡುತ್ತೀರಾ? ಎರಡನೆಯ ಪ್ರಶ್ನೆ ವಿಚಿತ್ರ ಅನಿಸಬಹುದು. ಅಮೆರಿಕದಲ್ಲಿ ರೋಲ್ ತೆಗೆದುಕೊಂಡು ಬೇರೆ ಊರಿಗೆ ಕಳಿಸಿ, ಸ್ಕ್ಯಾನ್ ಮಾತ್ರ ಕೊಟ್ಟು ನೆಗೆಟಿವ್ ಎಸೆಯುವ ಅಂಗಡಿಗಳಿವೆ.

ಇಲ್ಲಿ ನಮ್ಮವರಿಗೇ ಇರುವ ಒಂದು ತೊಡಕನ್ನು ಹೇಳಬೇಕು. ಅಗ್ಗಕ್ಕೆ ಸಿಗುತ್ತದೆ ಅಂತ ನಮ್ಮಲ್ಲಿ ತುಂಬಾ ಜನ ಸಿನಿಮಾ ಫಿಲ್ಮನ್ನು, ಅಂದರೆ ವಿಷನ್3 250ಡಿ, 500ಟಿ ಥರದ್ದನ್ನು, ಕ್ಯಾಸೆಟ್ಟಿಗೆ ಸುತ್ತಿಸಿಕೊಂಡು ಬಳಸುತ್ತಾರೆ. ಅದರ ಹಿಂಬದಿಯಲ್ಲಿ ರೆಮ್‌ಜೆಟ್ ಅನ್ನುವ ಕಪ್ಪು ಇಂಗಾಲದ ಪದರ ಇರುವುದುಂಟು. ಸಿ-41 ಯಂತ್ರಕ್ಕೆ ಅದು ಹೋದರೆ ಲ್ಯಾಬಿನ ರಾಸಾಯನಿಕ ಪೂರ್ತಿ ಗಲೀಜು, ಉಳಿದವರ ರೋಲೂ ಹಾಳು. ಹೊರದೇಶದ ಮಾಮೂಲಿ ಲ್ಯಾಬ್ ಅದನ್ನು ಮುಟ್ಟುವುದಿಲ್ಲ. ಅಲ್ಲೇ ತೊಳೆಸುವ ಯೋಚನೆ ಇದ್ದರೆ ಸಿ-41 ಫಿಲ್ಮ್ ಮಾತ್ರ ಒಯ್ಯಿರಿ. ನೆಗೆಟಿವ್ ಬದಲು ನೇರವಾಗಿ ನಿಜ ಬಣ್ಣದ ಚಿತ್ರವೇ ಬರುವ ಸ್ಲೈಡ್ ಫಿಲ್ಮನ್ನು ಇ-6 ವಿಧಾನದಲ್ಲಿ ತೊಳೆಯುವ ಲ್ಯಾಬ್‌ಗಳೂ ಎಲ್ಲ ಊರಲ್ಲಿ ಇರುವುದಿಲ್ಲ.

ಕಪ್ಪು-ಬಿಳುಪಿನವರಿಗೆ ಇನ್ನೊಂದು ಅನುಕೂಲ ಇದೆ. ಚೇಂಜಿಂಗ್ ಬ್ಯಾಗ್ (ಬೆಳಕು ಹೋಗದ, ಕೈ ಮಾತ್ರ ಒಳಗೆ ಹಾಕಬಹುದಾದ ಚೀಲ), ತೊಳೆಯುವ ಒಂದು ಟ್ಯಾಂಕ್, ಥರ್ಮಾಮೀಟರ್ ಒಯ್ದು ರಾಸಾಯನಿಕ ಅಲ್ಲೇ ಕೊಂಡರೆ ರೂಮಿನ ಬಚ್ಚಲಲ್ಲೇ ತೊಳೆಯಬಹುದು. ಒಂದೇ ದ್ರಾವಣದಲ್ಲಿ ಮುಗಿಯುವ ಮೊನೊಬಾತ್ ಸಿಕ್ಕರೆ ಇನ್ನೂ ಸಲೀಸು. ಹದಿನೈದು ದಿನ ಒಂದೇ ಊರಲ್ಲಿ ಇರುವವರಿಗೆ ಸರಿ. ದಿನಕ್ಕೊಂದು ಊರು ಸುತ್ತುವವರಿಗೆ ಬರಿ ತಲೆನೋವು. ಹೆಂಡತಿ-ಮಕ್ಕಳ ಜೊತೆ ಹೋದವರು ಬಚ್ಚಲನ್ನು ಎರಡು ಗಂಟೆ ಹಿಡಿದಿಡುವ ಮೊದಲು ಯೋಚಿಸಿ.

ಅಂಚೆ, ಕೊರಿಯರ್, ಸೀಸದ ಚೀಲ

ರೋಲ್‌ಗಳನ್ನು ಪಾರ್ಸೆಲ್ ಮಾಡಿ ಮನೆಗೆ ಕಳಿಸುವುದು ಜಾಣತನ ಅನಿಸುತ್ತದೆ. ಆದರೆ ವಿಮಾನದಲ್ಲಿ ಹೋಗುವ ಸರಕಿಗೂ ತಪಾಸಣೆ ಇದೆ. ಅಲ್ಲಿ ನಿಮ್ಮ ಪರವಾಗಿ ಮಾತಾಡಲು ಯಾರೂ ಇರುವುದಿಲ್ಲ. ಪೆಟ್ಟಿಗೆ ಮೇಲೆ ಎಕ್ಸ್‌ರೇ ಬೇಡ ಅಂತ ಎಷ್ಟು ದೊಡ್ಡದಾಗಿ ಬರೆದರೂ ಅದನ್ನು ಪಾಲಿಸಲೇಬೇಕು ಅಂತೇನೂ ಇಲ್ಲ. ಒಂದೇ ದೇಶದೊಳಗೆ, ರಸ್ತೆಯ ಮೇಲೇ ಹೋಗುವ ಕೊರಿಯರ್ ಆದರೆ ಬೇರೆ ಮಾತು. ತಿರುಗುತ್ತಾ ಇರುವಾಗ ಒಂದು ಲ್ಯಾಬಿಗೆ ಹಾಗೆ ಕಳಿಸಿ ತೊಳೆಸಿಟ್ಟುಕೊಳ್ಳಬಹುದು.

ಸೀಸದ ಪದರದ ಚೀಲಕ್ಕೆ ದುಡ್ಡು ಹಾಕಬೇಡಿ. ಹಳೆಯ ಎಕ್ಸ್‌ರೇಯಲ್ಲಿ ಅದು ಸ್ವಲ್ಪ ಕಾಪಾಡುತ್ತದೆ, ನಿಜ. ಆದರೆ ಪರದೆಯ ಮೇಲೆ ಒಳಗೇನಿದೆ ಅಂತ ಕಾಣದ ಕಪ್ಪು ಗುಡ್ಡೆ ಬಂದರೆ ಆಪರೇಟರ್ ಏನು ಮಾಡುತ್ತಾರೆ? ಚೀಲ ಹೊರಗೆ ತೆಗೆಸುತ್ತಾರೆ, ಮತ್ತೆ ಹಾಕಿಸುತ್ತಾರೆ. ಕೈಯಲ್ಲಿ ನೋಡಿ ಅಂತ ಮೊದಲೇ ಕೇಳಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು.

ಇನ್‌ಸ್ಟಾಕ್ಸ್, ಶೀಟ್ ಫಿಲ್ಮ್, ಕ್ಯಾಮೆರಾದೊಳಗಿನ ರೋಲ್

ತೆಗೆದ ಕೂಡಲೇ ಪ್ರಿಂಟ್ ಕೊಡುವ, ಮಕ್ಕಳ ಕೈಗೆ ಕೊಡುವ ಇನ್‌ಸ್ಟಾಕ್ಸ್ ಕ್ಯಾಮೆರಾ ಆಟಿಕೆ ಥರ ಕಾಣುತ್ತದೆ, ಆದರೆ ಅದರ ಫಿಲ್ಮ್ 800 ಐಎಸ್‌ಒ. ಪೊಲರಾಯ್ಡ್‌ನ '600' ಮತ್ತು 'ಐ-ಟೈಪ್' ಹೆಸರಿನ ಫಿಲ್ಮ್‌ಗಳದ್ದು 640. ಇವೂ ಪೊಟ್ಟಣದಲ್ಲೇ ಬರಬೇಕು. ಸೀಲ್ ಒಡೆಯದ ಪ್ಯಾಕೆಟ್ ಒಯ್ದರೆ ಕೇಳುವುದು ಸುಲಭ. ಒಮ್ಮೆ ಬಳಸಿ ಎಸೆಯುವ ಕ್ಯಾಮೆರಾಗಳದ್ದೂ ಇದೇ ಕಥೆ. ನೋಡುವವರಿಗೆ ಕ್ಯಾಮೆರಾ ಅನಿಸುತ್ತದೆ, ಒಳಗೆ ಫಿಲ್ಮ್ ಇದೆ ಅಂತ ಹೊಳೆಯುವುದಿಲ್ಲ.

ಬಿಡಿ ಹಾಳೆಗಳಾಗಿ ಬರುವ 4x5 ಶೀಟ್ ಫಿಲ್ಮಿನ ಪೆಟ್ಟಿಗೆ ಮತ್ತು ಕ್ಯಾಸೆಟ್ಟಿಗೆ ಸುತ್ತಿಕೊಳ್ಳಲು ಕೊಳ್ಳುವ ನೂರಡಿಯ ಬಲ್ಕ್ ಡಬ್ಬ ಬೆಳಕಿನಲ್ಲಿ ತೆರೆಯುವಂತೆಯೇ ಇಲ್ಲ. "ತೆರೆದು ತೋರಿಸಿ" ಅಂದರೆ ಕಥೆ ಮುಗೀತು. ಚೇಂಜಿಂಗ್ ಬ್ಯಾಗ್ ಜೊತೆಗಿರಲಿ, ಅದರೊಳಗೆ ಕೈ ಹಾಕಿ ಮುಟ್ಟಿ ನೋಡಿ ಅಂತ ಹೇಳಲಾದರೂ ಆಗುತ್ತದೆ. ಇಂಥ ಫಿಲ್ಮ್ ಬಳಸುವವರಿಗೆ ಅಲ್ಲೇ ಕೊಂಡು ಅಲ್ಲೇ ತೊಳೆಸುವುದೇ ಲೇಸು.

ಕ್ಯಾಮೆರಾದೊಳಗೆ ಅರ್ಧ ಮುಗಿದ ರೋಲ್ ಇಟ್ಟುಕೊಂಡು ಸೆಕ್ಯೂರಿಟಿಗೆ ಹೋಗಬೇಡಿ. ಕ್ಯಾಮೆರಾ ಯಂತ್ರದೊಳಗೆ ಹೋಗಲೇಬೇಕು ಅನ್ನುತ್ತಾರೆ. ಇಲ್ಲವೇ "ಒಂದು ಕ್ಲಿಕ್ ಮಾಡಿ ತೋರಿಸಿ" ಅನ್ನುತ್ತಾರೆ. ಹಿಂಬದಿಯ ಮುಚ್ಚಳ ತೆರೆಯಿರಿ ಅಂದರೂ ಅಂದಾರು. ಹಿಂದಿನ ಸಂಜೆಯೇ ಉಳಿದ ಫ್ರೇಮ್‌ಗಳನ್ನು ಮುಗಿಸಿ. ಹೊರಡುವ ಮುಂಚೆ ಮನೆಯವರದ್ದೋ, ಹೋಟೆಲ್ ಹುಡುಗರದ್ದೋ ಫೋಟೊ ತೆಗೆದರೆ ಆಯಿತು. ಖಾಲಿ ಕ್ಯಾಮೆರಾ ಎಷ್ಟು ಸಲ ಬೇಕಾದರೂ ಯಂತ್ರದೊಳಗೆ ಹೋಗಿ ಬರಲಿ.

ಹಾಗಾದರೆ ಯಾರಿಗೆ ಯಾವುದು?

ದೇಶದೊಳಗೆ, ಚಿಕ್ಕ ನಿಲ್ದಾಣಗಳ ನಡುವೆ ಹೋಗುವವರು 400ರ ಒಳಗಿನ ಫಿಲ್ಮ್ ಜೊತೆಗೇ ಒಯ್ಯಿರಿ. ಕೇಳಿ ನೋಡಿ, ಒಪ್ಪದಿದ್ದರೆ ಯಂತ್ರ ನೋಡಿ ಬಿಟ್ಟುಬಿಡಿ. ಬೆಂಗಳೂರು, ದಿಲ್ಲಿಯಂಥ ದೊಡ್ಡ ನಿಲ್ದಾಣ ಆದರೆ ಕೈಯಲ್ಲೇ ಚೆಕ್ ಮಾಡಿಸಲು ಗಟ್ಟಿಯಾಗಿ ಪ್ರಯತ್ನಿಸಿ. ನೇರ ವಿಮಾನದಲ್ಲಿ ಅಮೆರಿಕಕ್ಕೆ ಹೋಗುವವರು ಫಿಲ್ಮ್ ಒಯ್ದರೂ ಸರಿ, ಅಲ್ಲೇ ತರಿಸಿಕೊಂಡರೂ ಸರಿ, ಬರುವಾಗ ನಿಯಮ ನಿಮ್ಮ ಕಡೆ ಇದೆ. ಯುರೋಪಿನ ನಾಲ್ಕು ದೇಶ ಸುತ್ತುವವರಿಗೆ ನನ್ನ ಸಲಹೆ ಬೇರೆ. ದೇಶದಿಂದ ದೇಶಕ್ಕೆ ಆದಷ್ಟು ರೈಲಿನಲ್ಲಿ ಹೋಗಿ. ಕೊನೆಯ ಊರಿನಲ್ಲಿ ಎರಡು ದಿನ ಜಾಸ್ತಿ ಇಟ್ಟುಕೊಂಡು ಎಲ್ಲವನ್ನೂ ತೊಳೆಸಿ ವಿಮಾನ ಹತ್ತಿ. ಸಿಂಗಪುರಕ್ಕೆ ಹೋಗುವವರು, ಚಾಂಗಿಯ ಟರ್ಮಿನಲ್ 1, 2, 3ರಲ್ಲಿ ತಪಾಸಣೆ ಇರುವುದು ಬೋರ್ಡಿಂಗ್ ಗೇಟಿನ ಬಳಿ ಅನ್ನುವುದನ್ನು ನೆನಪಿಡಿ. ಕೊನೆ ಗಳಿಗೆಗೆ ಗೇಟಿಗೆ ಓಡಿ ಹೋದರೆ ಅಲ್ಲಿ ಕೇಳಲು ಪುರುಸೊತ್ತೇ ಇರುವುದಿಲ್ಲ.

ಆದರೂ ಸಿಟಿ ಯಂತ್ರಕ್ಕೆ ಹೋಗಿಬಿಟ್ಟರೆ

ರೋಲ್ ಎಸೆಯಬೇಡಿ. ಆ ಕ್ಷಣವೇ ಕ್ಯಾಸೆಟ್ ಮೇಲೆ ಪೆನ್ನಿನಿಂದ ಗುರುತು ಹಾಕಿ, ಇಲ್ಲದಿದ್ದರೆ ಯಾವುದು ಅಂತ ಮರೆತುಹೋಗುತ್ತದೆ. ಇನ್ನೂ ಫೋಟೊ ತೆಗೆಯದ ರೋಲ್ ಆದರೆ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು ಕೊಡಿ. 400ರದ್ದನ್ನು 200 ಅಂತ ಮೀಟರಿನಲ್ಲಿ ಇಟ್ಟರೆ ನೆರಳಿನ ಭಾಗ ಮಬ್ಬಿಗಿಂತ ಮೇಲೆ ಬರುತ್ತದೆ. ಬಯಲಿಗೆ, ಬಿಸಿಲಿಗೆ ಬಳಸಿ, ರಾತ್ರಿಗೆ ಬೇಡ. ಸ್ಲೈಡ್ ಫಿಲ್ಮಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಬೆಳಕು ಜಾಸ್ತಿಯಾದರೆ ಅದು ಇನ್ನೊಂದು ಥರ ಕೆಡುತ್ತದೆ. ಫೋಟೊ ತೆಗೆದು ಮುಗಿಸಿದ ರೋಲ್ ಆದರೆ ಪುಶ್ ಬೇಡ, ಮಾಮೂಲಿಯಾಗಿಯೇ ತೊಳೆಸಿ. ಸ್ಕ್ಯಾನ್ ಮಾಡುವವರಿಗೆ ವಿಷಯ ಹೇಳಿ. ನೆರಳನ್ನು ಎಳೆದು ತೆರೆಯುವ ಬದಲು ಸ್ವಲ್ಪ ಕಪ್ಪಾಗಿಯೇ ಬಿಟ್ಟರೆ ಕಾಳು ಮುಚ್ಚಿಹೋಗುತ್ತದೆ. ಕಲರ್ ತೀರಾ ಕೆಟ್ಟು ಬಂದ ಫ್ರೇಮನ್ನು ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿ, ಎಷ್ಟೋ ಸಲ ಅದು ಆಲ್ಬಮ್ಮಿಗೆ ಹಾಕುವಷ್ಟು ಚೆನ್ನಾಗಿಯೇ ಇರುತ್ತದೆ.